ಹುಣಸೆ ತುಂಡಿನ ಮೆಟ್ಟಿಲು

"ಆ ತುಂಡಲ್ಲಿರೋ ಮೊಳೆ ಮಾತ್ರ ಕೀಳ್ಬ್ಯಾಡಿ ಕಣಪ್ಪಾ," ಎಂದರು ಮಂಗಳಮ್ಮ. "ಕವನ ಚಿಕ್ಕೋಳಿದ್ದಾಗ ಅವ್ಳ ಮೈಮ್ಯಾಲೆ ಬಂದಿದ್ದುನ್ನ ಅವ್ಳ ಕೂದ್ಲು ಸುತ್ತಿ ಅದ್ರಲ್ಲೇ ಬಡ್ದವ್ರೆ."

ಕವನಳ ಗಂಡ ಬಸವಪ್ರಸಾದ್ ನಕ್ಕುಬಿಟ್ಟ. "ನಿಮ್ಮ ದೆವ್ವಕ್ಕೆ ಇಷ್ಟೊತ್ತಿಗೆ ತುಕ್ಕು ಹಿಡಿದಿರುತ್ತೆ ಬಿಡಿ, ಅತ್ತೆ."

ಧಾರಾವಾಹಿಯೊಂದಕ್ಕೆ ಬಂಗಲೆಯ ಪುಟ್ಟ ಮಾದರಿ ಮಾಡಿಕೊಡಲು ಒಪ್ಪಿಕೊಂಡು, ಕಳಲೆಯ ಅತ್ತೆಮನೆಯ ಕೊಟ್ಟಿಗೆಯಲ್ಲಿ ಠಿಕಾಣಿ ಹೂಡಿದ್ದ. ಬೆಳಗಾದರೆ ಶೂಟಿಂಗಿನವರು ಬರುವವರಿದ್ದರು. ಗೋಡೆ, ಕಿಟಕಿ, ಹೆಂಚು ಎಲ್ಲ ಮುಗಿದು, ಒಳಗಿನ ಮೆಟ್ಟಿಲೊಂದೇ ತಲೆ ತಿನ್ನುತ್ತಿತ್ತು. ರಟ್ಟು ಬಾಗಿತು, ತೆಳು ಹಲಗೆ ಸೀಳಿತು. ಹೋದ ಮಳೆಗಾಲದಲ್ಲಿ ಉರುಳಿದ ಹುಣಸೆಮರದ ತುಂಡು ಮೂಲೆಯಲ್ಲೇ ಇರುವಾಗ ಬೇರೆ ಮರ ತರಲು ನಂಜನಗೂಡಿಗೆ ಓಡುವ ತಾಳ್ಮೆ ಯಾರಿಗಿದೆ? ಗರಗಸದ ಹಲ್ಲು ಮೊಳೆಗೆ ತಾಗಿ ಮುರಿದಾಗ ಅವನ ಪಿತ್ತ ನೆತ್ತಿಗೇರಿತು. ಇಕ್ಕಳ ಹಾಕಿ ಎಳೆದ. ಮೊಳೆಯ ಜೊತೆ ಜಡ್ಡುಗಟ್ಟಿದ ಕೂದಲೂ ಬಂತು. ಕೊಳೆತ ಹೂವಿನ ವಾಸನೆ ಕೊಟ್ಟಿಗೆಯನ್ನೆಲ್ಲ ತುಂಬಿತು. ಮೂಗು ಮುಚ್ಚಿಕೊಂಡೇ ಅವನು ಮರ ಕೊಯ್ದ.

ಆದರೂ ಮೆಟ್ಟಿಲು ಕೂರಲೊಲ್ಲದು. ಅಂಟಿಸಿ, ಊಟ ಮುಗಿಸಿ ಬರುವಷ್ಟರಲ್ಲಿ ಕಳಚಿ ಬಿದ್ದಿತ್ತು. ಉಗುರಿನಗಲದ ಒಂದೊಂದು ಮೆಟ್ಟಿಲಿನ ನಟ್ಟನಡುವೆ, ವರ್ಷಗಟ್ಟಲೆ ಯಾರೋ ತುಳಿದಂತೆ ತಗ್ಗು ಬೇರೆ.

"ಥೂ, ದರಿದ್ರದ್ದು!" ಎಂದು ಬೈದು, ಉಜ್ಜಿ, ಮತ್ತೆ ಕೂರಿಸಿದ. ಅಷ್ಟರಲ್ಲಿ ಸಂಜೆಯ ಮೋಡ ಕವಿದು ಕರೆಂಟೂ ಹೋಯಿತು.

ಟಿಕ್. ಟಿಕ್. ಬಂಗಲೆಯೊಳಗೆ ಏನೋ ಮೆಟ್ಟಿಲಿಳಿಯುತ್ತಿತ್ತು. ಕೆಳಗಿನ ಮೆಟ್ಟಿಲಿಗೆ ಬಂದು ನಿಂತಿತು. ಕೊಟ್ಟಿಗೆಯ ಬಾಗಿಲಲ್ಲಿ ಕವನ ಕಾಫಿ ಹಿಡಿದು ನಿಂತಿದ್ದಳು. ಹೆಂಡತಿಯ ಕೈಯಿಂದ ಲೋಟ ಜಾರಿತು. ಅವಳ ಗಂಟಲಿನಿಂದ ಗಂಡಸಿನ ನಗು ಹೊರಟಿತು.

ಮಂಗಳಮ್ಮ ಓಡಿಬಂದು ಮಗಳನ್ನು ತಬ್ಬಿ ಹಿಡಿದರು. "ಕೂದ್ಲಿರೋ ಮೊಳೆಯ ಆ ಮರುಕ್ಕೇ ಊರ್ಕಳಿ! ಮೊದ್ಲು ಅದು ತನ್ನ ಎಸ್ರ ಏಳ್ಬೇಕು, ಆಮ್ಯಾಲೆ ಬಡೀರಿ. ಮುಂಚೇನೇ ಬಡುದ್ರೆ ಕೂದ್ಲು ಯಾರ್ದೈತೋ ಅವ್ಳೇ ಮರ್ದಲ್ಲಿ ಸಿಕ್ಕಾಕತಾಳೆ!"

ಬಸವಪ್ರಸಾದ್ ಮೆಟ್ಟಿಲಿಗೆ ಮೊಳೆ ಊರಿ ಹಿಡಿದ. "ನಿನ್ನ ಹೆಸರೇನು?" ನಗು. ಮತ್ತೆ ಕೇಳಿದ. ಮತ್ತೂ ನಗು. ಕವನಳ ಕುತ್ತಿಗೆ ತಿರುಗತೊಡಗಿತು. ಮೂಳೆ ಲಟಕ್ಕೆಂದಿತು. ಅವನಿಗೆ ಭಯ. ಭಯಕ್ಕಿಂತ ಸಿಟ್ಟು. ಇಡೀ ದಿನದ ಸಿಟ್ಟು. "ಬೊಗಳೋ!" ತುಟಿ ಅಲುಗಿತು. ಮಾತಿಲ್ಲ. ಸಾಕಾಗಿತ್ತು. ಸುತ್ತಿಗೆ ಎತ್ತಿದ. ಬಡಿದ.

ನಗು ನಿಂತಿತು. ಕರೆಂಟು ಬಂತು. ಕವನ ತಾಯಿಯ ತೋಳು ಬಿಡಿಸಿಕೊಂಡು ಎದ್ದು ಕೂದಲು ಸರಿಮಾಡಿಕೊಂಡಳು. ಬಸವಪ್ರಸಾದನಿಗೆ ಹೋದ ಜೀವ ಬಂದಂತಾಯಿತು.

"ಎಸ್ರು ಏಳ್ತಾ?" ಮಂಗಳಮ್ಮ ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಬಂಗಲೆಯೊಳಗಿಂದ ಸಣ್ಣ ದನಿ ಬಂತು. "ರೀ, ಕಾಲೆತ್ತಕ್ಕೆ ಆಯ್ತಿಲ್ಲ. ಬೇಗ ಮೊಳೆ ಕೀಳ್ರೀ."

ಇಕ್ಕಳಕ್ಕೆ ತಡಕಾಡಿದ. ಅದು ಆಗಲೇ ಎದುರಿಗಿದ್ದವಳ ಕೈ ಸೇರಿತ್ತು.

"ಈಗ ಏಳ್ತೀನಿ ಕೇಳ್ಲಾ," ಎಂದಿತು ಗಂಡುದನಿ, "ನನ್ ಎಸ್ರ."