ಮಿಸೆಸ್ ತಿಬೋ ಕೊಟ್ಟ ಚಹಾ

ಶನಿವಾರ ಮಧ್ಯಾಹ್ನ ಮೂರೂವರೆಗೆ ಹಾರ್ಲೋ ಮಿಲ್ಸ್ ಪುರಭವನದ ನೆಲಮಾಳಿಗೆಯಿಂದ ಚೀರಾಟ ಕೇಳಿಸಿತು. ವೇಷಭೂಷಣದ ಕೋಣೆಯ ಬೆಂಚಿನ ಮೇಲೆ ಕ್ಲಾರಿಸ್ ವೇಡ್ ಮಲಗಿದ್ದಳು. ಹದಿನೇಳರ ಹುಡುಗಿ. ಎದೆಯ ಮೇಲೆ ನಾಟಕದ ಹಾಳೆಗಳು. ಪಕ್ಕದಲ್ಲಿ ಅರ್ಧ ಕುಡಿದ ಚಹಾ. ಉಸಿರಿರಲಿಲ್ಲ.

ಊರಿನ ವಾರಪತ್ರಿಕೆಯ ವರದಿಗಾರ್ತಿ ಅಗಸ್ಟಾ ಪೈಕ್ ಐದೇ ನಿಮಿಷದಲ್ಲಿ ಅಲ್ಲಿದ್ದಳು. ನಾಟಕದ ಸುದ್ದಿಗೆಂದು ಬೆಳಿಗ್ಗೆಯಷ್ಟೇ ಪುರಭವನದ ಫೋಟೋ ತೆಗೆದುಕೊಂಡು ಹೋಗಿದ್ದಳು. ಈಗ ಅದೇ ಕೈಯಲ್ಲಿ ಹೆಣದ ಸುದ್ದಿ ಬರೆಯಬೇಕು. ಅವಳು ಬಗ್ಗಿ ನೋಡಿದಳು. ಹುಡುಗಿಯ ಕೆನ್ನೆ ಕೆಂಪಗಿತ್ತು. ಆಗಷ್ಟೇ ಓಡಿಬಂದವಳ ಹಾಗೆ.

"ಬಣ್ಣ ಹಚ್ಚಿದ್ರಾ ಇವಳಿಗೆ?" ನಾಟಕ ಆಡಿಸುತ್ತಿದ್ದ ಮೇಷ್ಟ್ರನ್ನು ಕೇಳಿದಳು.

"ಇಲ್ಲಮ್ಮ. ಮಾಟಗಾತಿಯರ ವಿಚಾರಣೆಯ ನಾಟಕ ಇದು. ಆ ಕಾಲದ ಹೆಂಗಸ್ರು ಬಣ್ಣ ಹಚ್ಚಿದ್ರೆ ಅದಕ್ಕೇ ನೇಣು ಹಾಕ್ತಿದ್ರು. ಯಾರಿಗೂ ಹಚ್ಚಿಲ್ಲ."

ಅಗಸ್ಟಾ ಅದನ್ನು ಬರೆದುಕೊಂಡಳು.

ಪೊಲೀಸ್ ಮುಖ್ಯಸ್ಥ ಸೈಲಸ್ ಕಾಬ್ ಲೋಟ ಮೂಸಿ ನೋಡುತ್ತಿದ್ದ. "ಯಾವುದೋ ಸೊಪ್ಪಿನ ವಾಸನೆ. ಯಾರು ಕೊಟ್ಟಿದ್ದು?"

"ನಾನೇ," ಎಂದಳು ಬಾಗಿಲ ಬಳಿ ಗುಂಡಿಯ ಪೊಟ್ಟಣ ಹಿಡಿದು ನಿಂತಿದ್ದ ದೆಲಿಮಾ ತಿಬೋ. ಕೆನಡಾದಿಂದ ಗಿರಣಿ ಕೆಲಸಕ್ಕೆ ಬಂದು, ಗಂಡ ಸತ್ತ ಮೇಲೆ ಹೊಲಿಗೆ ಹಿಡಿದಿದ್ದ ಹೆಂಗಸು. ನಾಟಕದ ಬಟ್ಟೆಯೆಲ್ಲ ಅವಳದೇ ಕೈಕೆಲಸ. "ಪುದೀನಾ ಚಹಾ, ಸಾಹೇಬ್ರೇ. ಮಗು ತಲೆನೋವು ಅಂತು."

ಅಲ್ಲಿದ್ದವರೆಲ್ಲ ಅವಳಿಂದ ಒಂದು ಹೆಜ್ಜೆ ಹಿಂದೆ ಸರಿದರು.

* * *

ಭಾನುವಾರ ಚರ್ಚು ತುಂಬಿ ತುಳುಕುತ್ತಿತ್ತು. ಪಾದ್ರಿಯ ಪ್ರವಚನ ಮುಗಿದ ಕೂಡಲೇ ಡೀಕನ್ ಎಲರಿ ಸ್ಟ್ರೌಡ್ ಎದ್ದು ನಿಂತ. ಚರ್ಚಿನ ಹಿರಿಯ. ಪುರಭವನದ ಉಸ್ತುವಾರಿ. ನಾಟಕದಲ್ಲಿ ನ್ಯಾಯಾಧೀಶನ ಪಾತ್ರವೂ ಅವನದೇ.

"ನಮ್ಮ ಮಕ್ಕಳಿಗೆ ಯಾರ ಕೈಯಿಂದ ಏನು ಕುಡಿಸ್ತಿದ್ದೀವಿ ಅಂತ ಯೋಚಿಸಬೇಕಿತ್ತು," ಎಂದ. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮೂರನೇ ಸಾಲಿನಲ್ಲಿ ಲೋರ್ನಾ ಎಂಬ ಹುಡುಗಿ ಕಿರುಚಿದಳು. "ನಾನೂ ಕುಡಿದಿದ್ದೆ! ಹೊಟ್ಟೆ ಉರೀತಿದೆ!" ಎಂದು ನೆಲಕ್ಕೆ ಬಿದ್ದಳು. ಅವಳ ಹಿಂದೆ ಇನ್ನೊಬ್ಬಳು. ಮತ್ತೊಬ್ಬಳು. ಐದು ನಿಮಿಷದಲ್ಲಿ ಏಳು ಹುಡುಗಿಯರು ಕೈಕಾಲು ಬಡಿಯುತ್ತಿದ್ದರು. ತಾಯಂದಿರು ಗೋಳಿಟ್ಟರು. "ಅವಳನ್ನ ಹಿಡೀರಿ!" ಎಂದು ಯಾರೋ ಕೂಗಿದರು.

ಅಗಸ್ಟಾಗೆ ಮೈ ಉರಿಯಿತು. ಬಿದ್ದವರಲ್ಲಿ ಇಬ್ಬರು ಶನಿವಾರ ಊರಲ್ಲೇ ಇರಲಿಲ್ಲ. ಬಾಸ್ಕೆಟ್‌ಬಾಲ್ ಆಡಲು ಹೋಗಿದ್ದರು. ಆ ಪಂದ್ಯದ ಸುದ್ದಿ ಬರೆದವಳು ಅವಳೇ.

"ಸೈಲಸ್, ಇವರಿಬ್ಬರೂ ಆ ಚಹಾದ ಲೋಟಾನೇ ನೋಡಿಲ್ಲ ಕಣೋ!"

"ಇನ್ನೂರು ಜನ ಕೂಗ್ತಿದ್ದಾರೆ ಅಗಸ್ಟಾ. ನೀನೊಬ್ಬಳು ಹೇಳಿದ್ರೆ ಯಾರು ಕೇಳ್ತಾರೆ?"

ಮಧ್ಯಾಹ್ನದ ಹೊತ್ತಿಗೆ ತಿಬೋಳ ಮನೆಯ ಕಿಟಕಿಗಳೆಲ್ಲ ಪುಡಿಯಾಗಿದ್ದವು. ಸೈಲಸ್ ಅವಳನ್ನು ಠಾಣೆಯಲ್ಲಿ ಕೂಡಿಹಾಕಿದ. ಬಾಸ್ಟನ್ನಿನಿಂದ ಶವಪರೀಕ್ಷೆಯ ವರದಿ ಬರುವವರೆಗೆ, ಅವಳ ರಕ್ಷಣೆಗೆ ಎಂದ. ಬೀಗ ಮಾತ್ರ ಹೊರಗಿನಿಂದ ಹಾಕಿದ.

* * *

ಸೋಮವಾರ ಬೆಳಿಗ್ಗೆ ಅಗಸ್ಟಾ ಸಾವಿನ ಸುದ್ದಿಗೆಂದು ಪುರಭವನದ ಇನ್ನೊಂದು ಫೋಟೋ ತೆಗೆದು, ನೆಟ್ಟಗೆ ಠಾಣೆಗೆ ಹೋದಳು. ಕಂಬಿಯ ಹಿಂದೆ ತಿಬೋ ಕುಳಿತಿದ್ದಳು.

"ಚಹಾ ಮೊದಲೋ, ತಲೆನೋವು ಮೊದಲೋ?"

"ತಲೆನೋವು. ಅದಕ್ಕೇ ಅಲ್ವಾ ಚಹಾ ಮಾಡಿದ್ದು? ನಾನೂ ಅದೇ ಪಾತ್ರೆಯಿಂದ ಕುಡಿದೆ."

"ನಿಮಗೇನೂ ಆಗ್ಲಿಲ್ವಾ?"

"ನಂಗೂ ತಲೆ ಸಿಡೀತಿತ್ತು ತಾಯಿ. ಒಂದು ವಾರದಿಂದ ಹಾಗೇ. ಆ ಕೋಣೆಗೆ ಹೋದ್ರೆ ಶುರು, ಬೀದಿಗೆ ಬಂದ್ರೆ ವಾಸಿ. ಡೀಕನ್ನರಿಗೆ ಎರಡು ಸಲ ಹೇಳ್ದೆ. 'ಕಣ್ಣು ತೋರಿಸ್ಕೋ' ಅಂದ್ರು." ಅವಳು ಕಣ್ಣೊರೆಸಿಕೊಂಡಳು. "ಶನಿವಾರ ಗುಂಡಿ ತರೋಕೆ ಅಂತ ಅಂಗಡಿಗೆ ಹೋದೆ. ಚಳಿ ಅಂತ ಮಗು ಬಾಗಿಲು ಹಾಕ್ಕೊಂಡಿತು. ಹೋಗದೆ ಇದ್ದಿದ್ರೆ..."

"ಹೋಗದೆ ಇದ್ದಿದ್ರೆ ಎರಡು ಹೆಣ ಸಿಗ್ತಿತ್ತು," ಎಂದಳು ಅಗಸ್ಟಾ.

ಆ ಕೋಣೆಯ ಗೋಡೆಗೆ ಅಂಟಿಕೊಂಡೇ ಕಟ್ಟಡ ಬೆಚ್ಚಗಿಡುವ ಕಲ್ಲಿದ್ದಲಿನ ಬಾಯ್ಲರ್ ಇತ್ತು. ಅವಳು ಹೋಗಿ ನೋಡಿದಳು. ಕೆಡುಕೇನೂ ಕಾಣಲಿಲ್ಲ. ಬೆಂಕಿ ಚೆನ್ನಾಗಿ ಉರಿಯುತ್ತಿತ್ತು. ಅಲ್ಲೇ ಅರ್ಧ ಗಂಟೆ ಕೂತಳು. ತಲೆನೋವೂ ಬರಲಿಲ್ಲ. ಎಣಿಕೆ ತಪ್ಪಿತೇ?

ಸಂಜೆ ಕಚೇರಿಯಲ್ಲಿ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟಳು. ಶನಿವಾರ ಬೆಳಿಗ್ಗೆಯದು. ಸೋಮವಾರದ್ದು. ಅದೇ ಪುರಭವನ, ಅದೇ ಬರಿದಾದ ಮೇಪಲ್ ಮರ, ಪಕ್ಕದಲ್ಲಿ ಹೊಸದಾಗಿ ಬಿಳಿ ಬಣ್ಣ ಬಳಿದ ಚರ್ಚು. ಭೂತಗನ್ನಡಿ ಹಿಡಿದು, ಬಾಯ್ಲರಿನ ಹೊಗೆ ಹೊರಹೋಗುವ ಚಿಮಣಿಯನ್ನು ನೋಡಿದಳು.

ಶನಿವಾರ ಅದರ ಬಾಯಿಗೆ ಒಂದು ತಗಡು ಮುಚ್ಚಿತ್ತು. ಸೋಮವಾರ ಇರಲಿಲ್ಲ.

* * *

ಊರಿನಲ್ಲಿ ಚಾವಣಿ ಕೆಲಸ ಮಾಡುವವನು ಒಬ್ಬನೇ: ಆರ್ವಿಡ್ ನೀಲ್ಸನ್. ಫೋಟೋ ನೋಡಿದ್ದೇ ಏಣಿಯ ಮೆಟ್ಟಿಲ ಮೇಲೆ ಕುಳಿತ.

"ನಾನು ಬೇಡ ಅಂದೆ ಅಮ್ಮ. ದೇವರಾಣೆ ಬೇಡ ಅಂದೆ."

"ಯಾರಿಗೆ?"

"ಡೀಕನ್ನರಿಗೆ. ವಾರದ ಕೆಳಗೆ ಕರೆದು, ಹೊಗೆ ಬಂದು ಚರ್ಚಿನ ಹೊಸ ಬಣ್ಣ ಕಪ್ಪಾಗ್ತಿದೆ, ಭಾನುವಾರ ಬಾಸ್ಟನ್ನಿಂದ ದೊಡ್ಡೋರು ಬರ್ತಾರೆ, ಅಲ್ಲೀವರೆಗೆ ಮುಚ್ಚು ಅಂದ್ರು. 'ಪೂರ್ತಿ ಮುಚ್ಚಿದ್ರೆ ಗಾಳಿ ಒಳಗೇ ತಿರುಗುತ್ತೆ, ಮನುಷ್ಯರು ಸಾಯ್ತಾರೆ' ಅಂದೆ. 'ಎರಡು ಬೆರಳು ಸಂದಿ ಬಿಡು, ಸಾಕು' ಅಂದ್ರು."

"ತೆಗೆಸಿದ್ದು ಯಾವಾಗ?"

"ಭಾನುವಾರ ಬೆಳಗಾಗ್ತಿದ್ದಂಗೆ. ಅವರೇ ಮನೆಗೆ ಬಂದ್ರು. 'ಬಾಯಿ ಬಿಟ್ರೆ ನೀನೂ ಒಳಗೆ ಹೋಗ್ತೀಯ' ಅಂದ್ರು."

ಭಾನುವಾರ ಬೆಳಗಾಗುತ್ತಿದ್ದಂತೆ. ಅಂದರೆ ಚರ್ಚಿನಲ್ಲಿ ಎದ್ದು ನಿಲ್ಲುವುದಕ್ಕೆ ಮುಂಚೆ. ಎಲ್ಲ ಗೊತ್ತಿದ್ದೂ ಆ ಮನುಷ್ಯ ಇನ್ನೂರು ಜನರನ್ನು ಒಬ್ಬ ವಿಧವೆಯ ಮೇಲೆ ಛೂ ಬಿಟ್ಟಿದ್ದ. ಅಗಸ್ಟಾ ಅದನ್ನು ಒತ್ತಿ ಬರೆದಳು. ಪೆನ್ಸಿಲಿನ ಮೊನೆ ಮುರಿಯಿತು.

"ಇದನ್ನ ಎಲ್ಲರ ಮುಂದೆ ಹೇಳ್ತೀಯಾ ಆರ್ವಿಡ್?"

ಅವನು ಏಣಿಯಿಂದ ಎದ್ದ. "ಆ ಹುಡುಗಿ ನನ್ನ ಮಗಳ ಜೊತೆ ಓದ್ತಿದ್ಲು. ಹೇಳ್ತೀನಿ."

* * *

ಬುಧವಾರ ಮಧ್ಯಾಹ್ನ ಪುರಭವನದಲ್ಲಿ ಊರ ಸಭೆ. ತಿಬೋಳನ್ನು ಊರು ಬಿಡಿಸಬೇಕೆಂಬ ಅರ್ಜಿಯನ್ನು ಡೀಕನ್ ಓದಿ ಮುಗಿಸಿದ್ದ. ಅಗಸ್ಟಾ ಎದ್ದು ನಿಂತಳು.

"ಡೀಕನ್ನರೇ, ಚಿಮಣಿಯ ತಗಡು ಎಲ್ಲಿ?"

"ಯಾವ ತಗಡು?"

ಅವಳು ಎರಡೂ ಫೋಟೋಗಳನ್ನು ಮುಂದಿನ ಸಾಲಿಗೆ ಕೊಟ್ಟಳು. ಅವು ಕೈಯಿಂದ ಕೈಗೆ ಹೋದವು.

"ಕ್ಲಾರಿಸ್ ಸತ್ತಿದ್ದು ಚಹಾದಿಂದ ಅಲ್ಲ. ತಲೆನೋವು ಬಂದಿದ್ದು ಮೊದಲು, ಚಹಾ ಕುಡಿದಿದ್ದು ಆಮೇಲೆ. ಒಂದು ವಾರ ಆ ಕೋಣೆಗೆ ಹೋದೋರಿಗೆಲ್ಲ ತಲೆನೋವು. ಹುಡುಗಿಯ ಕೆನ್ನೆ ಕೆಂಪಗಿತ್ತು, ಆದ್ರೆ ಬಣ್ಣ ಹಚ್ಚಿರಲಿಲ್ಲ. ಕಲ್ಲಿದ್ದಲಿನ ವಿಷಗಾಳಿ ಕುಡಿದೋರ ರಕ್ತ ಹಾಗೆ ಕೆಂಪಾಗುತ್ತೆ. ವಾಸನೆ ಇಲ್ಲ, ಗೊತ್ತೇ ಆಗಲ್ಲ. ಸೋಮವಾರ ನಾನು ಅಲ್ಲೇ ಕೂತಿದ್ದೆ, ಏನೂ ಆಗ್ಲಿಲ್ಲ. ಯಾಕೆ? ಅಷ್ಟರಲ್ಲಿ ತಗಡು ತೆಗೆಸಿ ಆಗಿತ್ತು. ಆರ್ವಿಡ್, ಎದ್ದೇಳು."

ಆರ್ವಿಡ್ ಎದ್ದ. ಎಲ್ಲ ಹೇಳಿದ.

"ಕೂಲಿಯವನ ಮಾತು!" ಡೀಕನ್ ಮೇಜು ಗುದ್ದಿದ. "ನಲವತ್ತು ವರ್ಷ ಈ ಊರಲ್ಲಿ ತಲೆ ಎತ್ತಿ ಬಾಳಿದ್ದೀನಿ!"

ಸೈಲಸ್ ಜೇಬಿನಿಂದ ಕಾಗದವೊಂದನ್ನು ತೆಗೆದ. ಮುಖ ಬಿಳಿಚಿತ್ತು. "ಬಾಸ್ಟನ್ನಿನ ಶವಪರೀಕ್ಷೆ ವರದಿ. ಈಗ ತಾನೇ ಬಂತು. ರಕ್ತದಲ್ಲಿ ಅದೇ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್. ಹೊಟ್ಟೆಯಲ್ಲಿ ಪುದೀನಾ ಬಿಟ್ರೆ ಏನೂ ಇಲ್ಲ."

ಡೀಕನ್ ಕುಳಿತ. ಧ್ವನಿ ಇಳಿದಿತ್ತು. "ಒಂದು ವಾರದ ಮಾತಾಗಿತ್ತು... ಚರ್ಚಿನ ಮರ್ಯಾದೆ ಪ್ರಶ್ನೆ... ಅವಳನ್ನ ಹೇಗೂ ನಾಲ್ಕು ದಿನದಲ್ಲಿ ಬಿಟ್ಟುಬಿಡ್ತಿದ್ರು..."

ಹಿಂದಿನ ಸಾಲಿನಿಂದ ಕಪ್ಪು ಬಟ್ಟೆಯ ಹೆಂಗಸೊಬ್ಬಳು ನಡೆದು ಬಂದಳು. ಕ್ಲಾರಿಸಳ ತಾಯಿ.

"ನಿನ್ನೆ ನನ್ನ ಮಗಳನ್ನ ಮಣ್ಣು ಮಾಡುವಾಗ ಪ್ರಾರ್ಥನೆ ಹೇಳಿದ್ದು ನೀವು," ಎಂದಳು. "ನನ್ನ ಕೈ ಹಿಡ್ಕೊಂಡಿದ್ರಿ."

ಸೈಲಸ್ ಡೀಕನ್ನನ ತೋಳು ಹಿಡಿದು ಎಬ್ಬಿಸಿದ.

* * *

ಶುಕ್ರವಾರ ತಿಬೋ ಊರು ಬಿಟ್ಟಳು. ಅಗಸ್ಟಾ ಹೊಲಿಗೆ ಯಂತ್ರವನ್ನು ಬಸ್ಸಿಗೆ ಹತ್ತಿಸಿಕೊಟ್ಟಳು. ನಿಲ್ದಾಣದಲ್ಲಿ ಮೂವರು ಹೆಂಗಸರು ತಾವೇ ಬೇಯಿಸಿದ ಸೇಬಿನ ಪೈ ಹಿಡಿದು ನಿಂತಿದ್ದರು. ತಿಬೋ ಅವರತ್ತ ನೋಡಲಿಲ್ಲ.

ಲೋರ್ನಾ ಓಡಿ ಬಂದಳು. ಅತ್ತು ಅತ್ತು ಮುಖ ಊದಿತ್ತು. "ಯಾಕೆ ಕಿರುಚಿದೆ ಅಂತ ನಂಗೇ ಗೊತ್ತಿಲ್ಲ ಆಂಟಿ. ನಿಜವಾಗ್ಲೂ ಹೊಟ್ಟೆ ಉರೀತು."

"ನೀನು ಮಗು," ಎಂದಳು ತಿಬೋ. "ನಿನ್ನ ಹಿಂದೆ ದೊಡ್ಡೋರು ಇದ್ರಲ್ಲ, ಅವರಿಗೇನಾಗಿತ್ತು?"

ಬಸ್ಸು ಹೋಯಿತು. ಮುಂದಿನ ವಾರವೆಲ್ಲ ಜನ ಅಗಸ್ಟಾಳನ್ನು ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸಿದರು. ಮಾಂಸದಂಗಡಿಯವನು, ಅಂಚೆಯವನು, ಪಾದ್ರಿಯ ಹೆಂಡತಿ. ಎಲ್ಲರದೂ ಒಂದೇ ಮಾತು: "ಆ ಚಹಾದ ಮಾತಿನ ಮೇಲೆ ನಂಗೆ ಮೊದಲಿಂದ್ಲೂ ನಂಬಿಕೆ ಇರಲಿಲ್ಲಮ್ಮ."

"ಹೌದಾ?" ಎನ್ನುತ್ತಿದ್ದಳು ಅಗಸ್ಟಾ. "ಹಾಗಾದ್ರೆ ಆ ಕಿಟಕಿಗಳನ್ನ ಒಡೆದಿದ್ದು ಯಾರು?"