ತಾಮ್ರದ ಹಲ್ಲಿ ಮತ್ತು ಹೊನ್ನಾಜಿಯ ಬಳೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಚಿಕ್ಕಜ್ಜಿ ಸಣ್ಣತಾಯಮ್ಮನವರು. ಏಕಾದಶಿಯ ದಿನ ಅಡಿಗೆಯ ಗೊಡವೆ ಇರುತ್ತಿರಲಿಲ್ಲ. ಅವರು ದೇವರ ಮನೆಯ ಹೊಸ್ತಿಲ ಪಕ್ಕ ಕೂತು ಹೂಬತ್ತಿ ಹೊಸೆಯುತ್ತ ಕತೆ ಹೇಳುತ್ತಿದ್ದರು. ಹತ್ತಿ ಮುಗಿದರೆ ಕತೆಯೂ ನಿಲ್ಲುತ್ತಿತ್ತು. ಅದಕ್ಕೇ ನಾವು ಹತ್ತಿಯನ್ನು ಬುಟ್ಟಿಗಟ್ಟಲೆ ತಂದಿಡುತ್ತಿದ್ದೆವು. ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ನನ್ನದು, ಚೆಂದವಿದ್ದರೆ ಅವರದು.

ಬಹಳ ಬಹಳ ಹಿಂದೆ ಮಂಗಳಾವತಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಅಶುಭದ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ದೀಪ ಆರಿಸು ಎನ್ನುವ ಬದಲು 'ದೀಪ ದೊಡ್ಡದು ಮಾಡು' ಅನ್ನುತ್ತಿದ್ದರು. ಅಕ್ಕಿ ಮುಗಿದರೆ 'ಅಕ್ಕಿ ತುಂಬಿದೆ' ಅನ್ನುತ್ತಿದ್ದರು. ಕೈಬಳೆ ಒಡೆದರೆ 'ಬಳೆ ಹೆಚ್ಚಿತು' ಅನ್ನುತ್ತಿದ್ದರು. ನಮ್ಮ ಮನೆಗಳಲ್ಲೂ ಹಿರಿಯರು ಹೀಗೆ ಅನ್ನುವುದುಂಟು. ಆದರೆ ಅಲ್ಲಿ ಅರಸನಿಂದ ಹಿಡಿದು ಕೊಟ್ಟಿಗೆ ಬಾಚುವವನ ತನಕ ಎಲ್ಲರೂ ಹೀಗೇ. ಏಕೆಂದರೆ ಮನೆಗಳ ಸೂರಿನ ಮೇಲೆ ಅಸ್ತುದೇವತೆಗಳು ಓಡಾಡುತ್ತಿರುತ್ತಾರೆ, ಕಿವಿಗೆ ಬಿದ್ದದ್ದಕ್ಕೆಲ್ಲ 'ಅಸ್ತು' ಅನ್ನುತ್ತಾರೆ ಎಂದು ಅವರು ನಂಬಿದ್ದರು. ದೇವತೆಗಳಿಗೆ ಮಾತಿನ ಹಿಂದಿನ ಮನಸ್ಸೂ ತಿಳಿಯುತ್ತದೆ. 'ಅಕ್ಕಿ ತುಂಬಿದೆ' ಎಂದ ಮನೆಗೆ ಸಂಜೆಯೊಳಗೆ ಹೇಗೋ ಒಂದು ಹಿಡಿ ಅಕ್ಕಿ ಬಂದು ಸೇರುತ್ತಿತ್ತು.

ಆ ರಾಜ್ಯದ ಹೊಳೆದಂಡೆಯಲ್ಲಿ ಬೈಲಪ್ಪನೆಂಬ ಬಳೆ ಮಾಡುವವನಿದ್ದ. ಹೊಳೆಯ ಮರಳನ್ನು ಕುಲುಮೆಯಲ್ಲಿ ಕರಗಿಸಿ ಗಾಜು ಮಾಡಿ, ಗಾಜನ್ನು ಎಳೆ ತೆಗೆದು ಸುತ್ತಿ ಬಳೆ ಮಾಡುತ್ತಿದ್ದ. ಅವನ ಹೆಂಡತಿ ಹೊನ್ನಾಜಿ. ತಾಯಿ ಲಕ್ಕಮ್ಮ. ಮದುವೆಯಾಗಿ ಏಳು ವರ್ಷವಾದರೂ ಮಗುವಿರಲಿಲ್ಲ. ಗಂಡ ಹೆಂಡತಿ ಒಬ್ಬರಿಗೊಬ್ಬರು ಸಾಕು ಎಂಬಂತೆ ಇದ್ದರು. ಲಕ್ಕಮ್ಮನಿಗೆ ಮಾತ್ರ ಅದೇ ಕೊರಗು.

ಒಂದು ದಿನ ಮಟಮಟ ಮಧ್ಯಾಹ್ನ ದಾರಿಹೋಕನೊಬ್ಬ ಅವರ ಜಗಲಿಗೆ ಬಂದು ಕೂತ. ಅವನ ಕಣ್ಣು ತಿಕ್ಕಿ ತೊಳೆದ ತಾಮ್ರದ ಚೊಂಬಿನಂತೆ ಹೊಳೆಯುತ್ತಿತ್ತು. ಸೂರ್ಯ ನೆತ್ತಿಯ ಮೇಲಿದ್ದದ್ದರಿಂದ ಅವನಿಗೆ ನೆರಳಿಲ್ಲವೆಂಬುದನ್ನು ಯಾರೂ ಗಮನಿಸಲಿಲ್ಲ. ಲಕ್ಕಮ್ಮ ಮಜ್ಜಿಗೆ ಕೊಟ್ಟಳು. ಅವನು ಮೂರು ಚೊಂಬು ಕುಡಿದು, ಮೀಸೆ ಒರೆಸಿಕೊಂಡು, ಮನೆಯೊಳಗೆ ಇಣುಕಿದ.

"ಎಲ್ಲ ಇದೆ ಅಜ್ಜಿ ನಿನ್ನ ಮನೇಲಿ. ತೊಟ್ಟಿಲ ಹಗ್ಗ ಮಾತ್ರ ಕಾಣೆ."

ಲಕ್ಕಮ್ಮನ ಕಣ್ಣು ತುಂಬಿತು. ಅವನು ಜೋಳಿಗೆಯಿಂದ ಒಂದು ತಾಮ್ರದ ಹಲ್ಲಿಯನ್ನು ತೆಗೆದ. ಅಂಗೈಯಷ್ಟು ಉದ್ದ, ಹೊಟ್ಟೆ ಸ್ವಲ್ಪ ಉಬ್ಬಿತ್ತು.

"ಇದು ಮೂರು ಮಾತಿಗೆ ಲೊಚಗುಟ್ಟುತ್ತೆ. ಇದರ ಎದುರಿಗೆ ಏನು ಆಡಿದರೂ ಆಡಿದ್ದು ಆಡಿದ ಹಾಗೇ ನಡೆಯುತ್ತೆ. ಬೇಡಿಕೋ."

"ಇದಕ್ಕೆ ನಾವೇನು ಕೊಡಬೇಕಪ್ಪ?"

"ಕಡೆಗೆ ನಾನೇ ಬಂದು ತಗೋತೀನಿ" ಎಂದು ಅವನು ಎದ್ದು ಹೋದ.

ಅವನು ಕಂದರಾಕ್ಷನೆಂಬ ಮಾಂತ್ರಿಕ. ಅವನ ಉಸಿರು ಆ ಹಲ್ಲಿಯ ಹೊಟ್ಟೆಯಲ್ಲಿತ್ತು. ಹಲ್ಲಿ ಹೊಕ್ಕ ಮನೆಯಲ್ಲೆಲ್ಲ ಮೂರನೆಯ ಮಾತಿನ ಹೊತ್ತಿಗೆ ಒಂದು ಜೀವ ಹೋಗುತ್ತಿತ್ತು. ಹೋದ ಜೀವ ಅವನ ಆಯುಸ್ಸಿಗೆ ಸೇರುತ್ತಿತ್ತು; ಜೀವ ಸಿಗದಿದ್ದರೆ ಹಲ್ಲಿ ಬಿರಿದು ಅವನ ಉಸಿರೇ ಹೋಗುವುದಿತ್ತು. ಹಾಗೆ ಅವನು ಮಂಗಳಾವತಿಯಲ್ಲೇ ಒಂಬೈನೂರು ವರ್ಷ ಬದುಕಿದ್ದ.

ಬೈಲಪ್ಪ ಕುಲುಮೆಯಿಂದ ಬಂದು ನೋಡಿ ನಕ್ಕ. "ಮನೆ ತುಂಬ ಹಲ್ಲಿಗಳಿವೆಯಲ್ಲವ್ವ, ಇನ್ನೊಂದು ಯಾಕೆ?"

"ನೀನು ಸುಮ್ಮನಿರೋ" ಎಂದಳು ಲಕ್ಕಮ್ಮ. ಅಷ್ಟರಲ್ಲಿ ಹಲ್ಲಿ ಅವಳ ಕೈಯಿಂದ ಜಾರಿ, ಗೋಡೆ ಹತ್ತಿ, ನಡುಮನೆಯ ತೊಲೆಗೆ ಕಚ್ಚಿಕೊಂಡಿತು. ಕೋಲಿನಿಂದ ಮೀಟಿದರೂ ಬರಲಿಲ್ಲ.

ಶುಕ್ರವಾರ ಬೆಳಗ್ಗೆ ಹೊನ್ನಾಜಿ ನಡುಮನೆಯಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಲಕ್ಕಮ್ಮ ಸ್ನಾನ ಮಾಡಿ, ತುಳಸಿಗೆ ನೀರೆರೆದು ಬಂದು, ತೊಲೆಯ ಕಡೆ ಕೈಮುಗಿದಳು.

"ನನ್ನ ಸೊಸೆಯ ಮಡಿಲು ತುಂಬಲಿ."

ಲೊಚ್ ಲೊಚ್ ಲೊಚ್, ಎಂದಿತು ಹಲ್ಲಿ.

ಹೊಳೆಯ ಕಡೆಯಿಂದ ಜೇನುಹುಳು ಎದ್ದಂಥ ಸದ್ದು ಬಂತು. ಕಿಟಕಿಯಿಂದ ಮರಳು ಒಳಗೆ ಹರಿಯಿತು. ಧಾರೆಯಾಗಿ ಬಂದು ಹೊನ್ನಾಜಿಯ ಮಡಿಲಲ್ಲಿ ಬಿತ್ತು. "ಅತ್ತೇ, ಇದೇನಿದು?" ಎನ್ನುವಷ್ಟರಲ್ಲಿ ಮಡಿಲು ತುಂಬಿತು, ಸೊಂಟ ಮುಚ್ಚಿತು, ಎದೆಯವರೆಗೆ ಏರಿತು. ತಣ್ಣಗಿನ, ಒದ್ದೆ ಮರಳು. ಹಲ್ಲಿಗೆ ಮಡಿಲು ಗೊತ್ತಿತ್ತು, ತುಂಬುವುದು ಗೊತ್ತಿತ್ತು. ಮಗು ಗೊತ್ತಿರಲಿಲ್ಲ.

ಬೈಲಪ್ಪ ಓಡಿ ಬಂದು ಎರಡು ಕೈಯಿಂದ ಬಗೆದ. ಬಗೆದಷ್ಟೂ ಮರಳು ಜಾರಿ ಮತ್ತೆ ಅಲ್ಲಿಗೇ ಬರುತ್ತಿತ್ತು. ಮೂರು ಜಾವ ಬಗೆದ ಮೇಲೆ ಅವಳ ಎರಡು ಕೈ ಸಿಕ್ಕವು. ಕೈ ಹಿಡಿದು ಉಸಿರು ಬಿಗಿಹಿಡಿದು ಎಳೆದ. ಹೊನ್ನಾಜಿ ಹೊರಗೆ ಬಂದಳು. ಕಾಲಲ್ಲಿ ಸ್ವಾಧೀನವಿರಲಿಲ್ಲ. ಎಳೆದ ರಭಸಕ್ಕೆ ಅವಳ ಕೈಬಳೆಗಳೆಲ್ಲ ಚೂರಾಗಿ ನೆಲಕ್ಕೆ ಬಿದ್ದವು.

ಮುತ್ತೈದೆಯ ಬರಿಗೈ ಕಂಡು ಲಕ್ಕಮ್ಮ ಅದನ್ನು ಸೆರಗಿನಿಂದ ಮುಚ್ಚಹೋದಳು. ಹುಟ್ಟಿದಾಗಿನಿಂದ ಬಂದ ಮಾತು, ತಡೆಯುವ ಮೊದಲೇ ಬಾಯಿಂದ ಬಂತು.

"ಅಯ್ಯೋ ನನ್ನ ಕಂದಾ, ಬಳೆ ಹೆಚ್ಚಿತಲ್ಲೇ!"

ಲೊಚ್ ಲೊಚ್ ಲೊಚ್.

ಮೂವರೂ ತಲೆಯೆತ್ತಿ ತೊಲೆಯನ್ನು ನೋಡಿದರು. ಇನ್ನು ಹಲ್ಲಿಗೆ ಕೇಳಿಸದ ಹಾಗೆ ಪಿಸುಮಾತಿನಲ್ಲೇ ಆಡಬೇಕು ಎಂದು ಕೈಸನ್ನೆಯಲ್ಲೇ ಹೇಳಿಕೊಂಡರು. ಆಮೇಲೆ ಹೊನ್ನಾಜಿಯ ಬರಿ ಮಣಿಕಟ್ಟಿನಲ್ಲಿ ಒಂದು ಹಸಿರು ಬಳೆ ಬಂತು. ಎರಡು ಬಂದವು. ನಾಲ್ಕಾದವು. ಒಂದೊಂದು ಬಳೆ ಬಂದಾಗಲೂ ನೆಲದ ಮೇಲಿನ ಮರಳಿನ ಗುಡ್ಡೆ ಒಂದೊಂದು ಹಿಡಿ ಕಡಿಮೆಯಾಗುತ್ತಿತ್ತು. ಬೈಲಪ್ಪ ಹುಟ್ಟಿದ ಮೇಲೆ ಅಷ್ಟು ಚೆಂದದ ಬಳೆ ನೋಡಿರಲಿಲ್ಲ. ಗೆರೆಯಿಲ್ಲ, ಗುಳ್ಳೆಯಿಲ್ಲ, ಬೆಸುಗೆಯ ಗುರುತಿಲ್ಲ.

ಮೊದಲನೆಯ ದಿನ ಬಳೆ ಮೊಣಕೈ ದಾಟಿತು. ಬೈಲಪ್ಪ ತನ್ನ ಸುತ್ತಿಗೆ ತಂದು ಅಳುಕುತ್ತ ಒಂದು ಏಟು ಹಾಕಿದ. ಸುತ್ತಿಗೆಯ ತಲೆ ಹಾರಿಹೋಯಿತು. ಹೊಡೆದ ಜಾಗದಲ್ಲಿ ಎರಡು ಹೊಸ ಬಳೆ ಬಂದವು.

ಎರಡನೆಯ ದಿನ ಬಳೆ ಹೆಗಲು ದಾಟಿ ಎದೆಯನ್ನು ಸುತ್ತಿತು. ಬೈಲಪ್ಪ ಅವಳನ್ನು ಹೊತ್ತು ಹೊಳೆಯಲ್ಲಿ ಇಳಿಸಿದ. ಹೊಳೆಯ ಮರಳಿನಿಂದ ಆದದ್ದು ಹೊಳೆಯಲ್ಲಿ ಕರಗೀತು ಎಂದುಕೊಂಡ. ನೀರು ಹಿಂದೆ ಸರಿದು ದಾರಿ ಬಿಟ್ಟಿತು, ಅವಳನ್ನು ಮುಟ್ಟಲಿಲ್ಲ. ಮೀನುಗಳು ಒಣ ಮರಳಿನ ಮೇಲೆ ಒದ್ದಾಡಿದವು. ಅವುಗಳ ಸಂಕಟ ನೋಡಲಾರದೆ ಅವನು ಅವಳನ್ನು ಎತ್ತಿಕೊಂಡು ದಡಕ್ಕೆ ಬಂದ. ನೀರು ಮತ್ತೆ ಕೂಡಿತು.

ಮೂರನೆಯ ದಿನ ಬೆಳಗ್ಗೆ ಬಳೆ ಕೊರಳಿನ ಬುಡಕ್ಕೆ ಬಂತು. ಅವಳು ಉಸಿರಾಡಿದರೆ ಗಲಗಲ ಸದ್ದಾಗುತ್ತಿತ್ತು. ಬೈಲಪ್ಪ ಅವಳನ್ನು ಗಾಡಿಯಲ್ಲಿ ಮಲಗಿಸಿ ಅರಮನೆಯ ಅಂಗಳಕ್ಕೆ ತಂದ. ಆ ರಾಜ್ಯದ ಪಟ್ಟದಾನೆಗೆ ಮಾತು ಬರುತ್ತಿತ್ತು. ಅದು ಬೈಲಪ್ಪ ಹೇಳಿದ್ದನ್ನೆಲ್ಲ ಕೇಳಿ, ಸೊಂಡಿಲಿನಿಂದ ಹೊನ್ನಾಜಿಯನ್ನು ಅಡಿಯಿಂದ ಮುಡಿಯವರೆಗೆ ಸವರಿ ನಿಟ್ಟುಸಿರು ಬಿಟ್ಟಿತು.

"ಬಳೆಗಾರಪ್ಪ, ಇದು ಬಲದಿಂದ ಹೋಗುವಂಥದ್ದಲ್ಲ. ಮಾತಿನಿಂದ ಬಂದದ್ದು, ಮಾತಿನಿಂದಲೇ ಹೋಗಬೇಕು. ಇನ್ನೊಂದು ಮಾತು ಉಳಿದಿದೆಯಲ್ಲ?"

"ಯಾವ ಮಾತು ಅಂತ ನೀವೇ ಹೇಳಿಬಿಡಿ ಗಜರಾಯರೇ."

"ನಾನು ಈ ರಾಜ್ಯದ ಅನ್ನ ತಿಂದವನು. ಆ ಮಾತು ನನ್ನ ಬಾಯಲ್ಲಿ ಬರೋದಿಲ್ಲ" ಎಂದು ಆನೆ ತಲೆ ತಗ್ಗಿಸಿತು.

ಬೈಲಪ್ಪನಿಗೆ ತಿಳಿಯಿತು. ಗಾಡಿ ತಿರುಗಿಸಿಕೊಂಡು ಮನೆಗೆ ಬಂದ. ಹೆಣ್ಣಿನ ಬಳೆ ಒಡೆಯುವುದು ಎಂದರೆ ಅವಳ ಗಂಡ ಸಾಯುವುದು ಎಂದೇ ಆ ನಾಡಿನಲ್ಲಿ ಅರ್ಥ. ನಮ್ಮಲ್ಲೂ ಅದೇ ಅರ್ಥ. ತನ್ನ ಹೆಂಡತಿಯ ಬಳೆ ಒಡೆಯಲಿ ಎಂದು ಗಂಡಸು ತನ್ನ ಬಾಯಿಂದಲೇ ಅಂದರೆ, ತನ್ನ ಸಾವನ್ನು ತಾನೇ ಕರೆದ ಹಾಗೆ.

ಜಗಲಿಯ ಮೇಲೆ ಕಂದರಾಕ್ಷ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಬಾರಪ್ಪ, ಬಾ. ಆ ಮಾತು ಆಡಿದರೆ ನಿನ್ನ ಜೀವ, ಆಡದಿದ್ದರೆ ಅವಳ ಜೀವ. ಎರಡರಲ್ಲಿ ಒಂದು ನನ್ನದು. ನನಗೇನೂ ಅವಸರವಿಲ್ಲ. ಅಜ್ಜೀ, ಮಜ್ಜಿಗೆ ಇದೆಯೇನು?"

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದಳು ಲಕ್ಕಮ್ಮ. ಮಂಗಳಾವತಿಯಲ್ಲಿ ಯಾರೂ ಯಾರಿಗೂ ಅಂಥ ಮಾತು ಅಂದಿರಲಿಲ್ಲ. ಬಾಗಿಲಾಚೆಯಿಂದ ಆಡಿದ್ದರಿಂದ ಹಲ್ಲಿಗೆ ಕೇಳಿಸಲಿಲ್ಲ, ಅಷ್ಟೆ.

ಬೈಲಪ್ಪ ಹೆಂಡತಿಯನ್ನು ನಡುಮನೆಯ ಚಾಪೆಯ ಮೇಲೆ ಮಲಗಿಸಿ, ಹೊಳೆಗೆ ಹೋಗಿ ಮಿಂದು ಬಂದ. ದೇವರ ಮುಂದೆ ಅಡ್ಡಬಿದ್ದ. ತಾಯಿಯ ಕಾಲು ಮುಟ್ಟಿದ. ಆಗ ಹೊನ್ನಾಜಿಗೆ ಎಲ್ಲ ಅರ್ಥವಾಯಿತು.

"ಬೇಡಿ" ಎಂದಳು. ಬಳೆಗಳ ನಡುವಿನಿಂದ ಅವಳ ದನಿ ಬಾವಿಯೊಳಗಿಂದ ಬಂದಂತೆ ಮೆಲ್ಲಗೆ ಬಂತು, ತೊಲೆಯ ತನಕ ಏರಲಿಲ್ಲ. "ನನ್ನಾಣೆ, ಆ ಮಾತು ಆಡಬೇಡಿ. ನಾನು ಅರಿಶಿನ ಕುಂಕುಮ ಹೊತ್ತು ಮುತ್ತೈದೆಯಾಗಿ ಹೋಗ್ತೀನಿ. ಹೆಣ್ಣುಮಕ್ಕಳು ಅದನ್ನೇ ಅಲ್ವಾ ಬೇಡಿಕೊಳ್ಳೋದು?"

"ಏಳು ವರ್ಷದಲ್ಲಿ ನಾನು ಹೇಳಿದ ಒಂದು ಮಾತನ್ನಾದರೂ ಕೇಳಿದ್ದೀಯಾ ನೀನು?"

"ಇಲ್ಲ."

"ಇವತ್ತು ನಿನ್ನ ಮಾತು ನಾನು ಕೇಳೋದಿಲ್ಲ."

"ಅತ್ತೇ, ಹೇಳಿ ಇವರಿಗೆ! ನಿಮ್ಮ ಮಗ..."

ಲಕ್ಕಮ್ಮ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. ಒಂದು ಕಡೆ ಹೊಟ್ಟೆಯಲ್ಲಿ ಹುಟ್ಟಿದ ಮಗ. ಇನ್ನೊಂದು ಕಡೆ ತನ್ನ ಬಾಯಿಮಾತಿಗೆ ಸಿಕ್ಕು ಸಾಯುತ್ತಿರುವ ಸೊಸೆ. ಮಗನ ಕೈಯನ್ನು ಅವಳು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಹೊಸ ಬಳೆಯೊಂದು ಬಂದು ಹೊನ್ನಾಜಿಯ ಕೊರಳನ್ನು ಬಿಗಿಯಿತು. ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು.

ಬೈಲಪ್ಪ ತೊಲೆಯ ಕಡೆ ಮುಖ ಮಾಡಿದ. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ನನ್ನ ಹೆಂಡತಿ ಹೊನ್ನಾಜಿಯ ಬಳೆ ಒಡೆಯಲಿ."

ಆ ರಾಜ್ಯ ಹುಟ್ಟಿದಾಗಿನಿಂದ ಯಾರೂ ಆ ಮಾತು ಆಡಿರಲಿಲ್ಲ. ಹೊಳೆ ಒಂದು ಗಳಿಗೆ ಹರಿಯದೆ ನಿಂತಿತು. ಅರಮನೆಯ ಅಂಗಳದಲ್ಲಿ ಪಟ್ಟದಾನೆ ಮಂಡಿಯೂರಿತು.

ಲೊಚ್ ಲೊಚ್ ಲೊಚ್.

ಕೊರಳ ಬಳೆ ಮೊದಲು ಒಡೆಯಿತು. ಆಮೇಲೆ ಹೆಗಲಿನವು, ಎದೆಯವು, ತೋಳಿನವು. ಸಾವಿರ ಬಳೆ ಒಟ್ಟಿಗೆ ಒಡೆದ ಆ ಸದ್ದು ಏಳು ಹಳ್ಳಿಗೆ ಕೇಳಿಸಿತಂತೆ. ಒಂದು ಚೂರೂ ಅವಳಿಗೆ ತಾಗಲಿಲ್ಲ. ಎಲ್ಲ ಗಾಳಿಯಲ್ಲೇ ಮರಳಾಗಿ, ಕಿಟಕಿಯಿಂದ ಹೊರಟು, ಹೊಳೆಯ ಕಡೆ ಹಾರಿಹೋಯಿತು. ಹೊನ್ನಾಜಿ ಎದೆ ತುಂಬ ಉಸಿರೆಳೆದುಕೊಂಡಳು. ಮರುಗಳಿಗೆಯೇ ಗಂಡನ ಕಡೆ ನೋಡಿ ಕಿಟ್ಟನೆ ಕಿರುಚಿದಳು.

ಬೈಲಪ್ಪ ಕಣ್ಣು ಮುಚ್ಚಿ ನೆಟ್ಟಗೆ ನಿಂತಿದ್ದ.

ಲಕ್ಕಮ್ಮ ಅವನ ಮೂಗಿನ ಹತ್ತಿರ ಬೆರಳು ಹಿಡಿದಳು. "ಉಸಿರಾಡ್ತಿದ್ದೀಯೇನೋ?"

"ಆಡ್ತಿದ್ದೀನಿ ಅನ್ನಿಸುತ್ತವ್ವ."

"ಎಲ್ಲಾದರೂ ನೋಯುತ್ತಾ?"

"ನೀನು ಹಿಡಿದುಕೊಂಡಿರೋ ಕೈ ನೋಯ್ತಿದೆ."

ಬಾಗಿಲಲ್ಲಿ ಕಂದರಾಕ್ಷ ಜೀವ ಈಸಿಕೊಳ್ಳಲು ಅಂಗೈ ಚಾಚಿ ನಿಂತಿದ್ದ. ಅಂಗೈಗೆ ಏನೂ ಬಂದು ಬೀಳಲಿಲ್ಲ. ಅವನ ಮುಖ ಕಪ್ಪಿಟ್ಟಿತು.

"ಬಳೆ ಒಡೆಯಲಿ ಅಂದನಲ್ಲ! ಆ ಮಾತಿನ ಅರ್ಥ ಅವನು ಸಾಯಲಿ ಅಂತ ಅಲ್ಲವೇನೇ ಹಲ್ಲಿ?"

ಆಗ ತಾಮ್ರದ ಹಲ್ಲಿ ಮೊದಲ ಸಲ ಬಾಯಿಬಿಟ್ಟು ಮಾತಾಡಿತು. "ಅರ್ಥ ನನಗೆ ಗೊತ್ತಿಲ್ಲ ಒಡೆಯಾ. ನನಗೆ ಮಾತು ಮಾತ್ರ ಗೊತ್ತು. ಬಳೆ ಅಂದ. ಬಳೆ ಒಡೆಯಿತು."

ಒಂಬೈನೂರು ವರ್ಷ ಮಂಗಳಾವತಿಯ ನೀರು ಕುಡಿದು, ಕಂದರಾಕ್ಷನೂ ಅಲ್ಲಿಯವರಂತೆ ಮಾತಿನ ಹಿಂದಿನ ಮಾತನ್ನೇ ಕೇಳುವವನಾಗಿದ್ದ. ತಾನೇ ಮಾಡಿದ ಹಲ್ಲಿ ಹೇಗೆ ಕೇಳುತ್ತದೆಂಬುದನ್ನು ಮರೆತಿದ್ದ. ಮೂರನೆಯ ಮಾತು ಮುಗಿದಿತ್ತು, ಜೀವ ಸಿಕ್ಕಿರಲಿಲ್ಲ. ಹಲ್ಲಿಯ ಹೊಟ್ಟೆ ಠಣ್ಣೆಂದು ಬಿರಿಯಿತು. ಒಳಗಿನಿಂದ ಸೊಳ್ಳೆಯಷ್ಟು ಸಣ್ಣ ಉಸಿರೊಂದು ಹೊರಬಂದು ಬಿಸಿಲಲ್ಲಿ ಇಲ್ಲವಾಯಿತು. ಕಂದರಾಕ್ಷ ನಿಂತಿದ್ದ ಹೊಸ್ತಿಲ ಹೊರಗೆ ಅವನ ಬದಲು ಒಂದು ಹಿಡಿ ಹಸಿರು ಕಿಲುಬು ಉಳಿಯಿತು. ಲಕ್ಕಮ್ಮ ಅದನ್ನು ಗುಡಿಸಿ, ಮೂರು ಸಲ ಸಗಣಿನೀರು ಹಾಕಿ ಸಾರಿಸಿದಳು.

ತಿಂಗಳೊಪ್ಪತ್ತಿನಲ್ಲಿ ಹೊನ್ನಾಜಿಯ ಕಾಲಿಗೆ ಬಲ ಬಂತು. ಬೈಲಪ್ಪ ಕುಲುಮೆ ಹೊತ್ತಿಸಿ ಹೊಸ ಬಳೆ ಮಾಡಿ ತಂದು, ತಾನೇ ಕೂತು ತೊಡಿಸಿದ. ಕೈಗೊಂದು ಡಜನ್ ತೊಡಿಸಲು ಹೊರಟವನನ್ನು ಅವಳು ತಡೆದಳು.

"ಸಾಕು ಸಾಕು. ಕೈಗೆ ಎರಡೆರಡು ಸಾಕು."

ಅವಳು ನಕ್ಕಳು, ಅವನೂ ನಕ್ಕ. ಅರಸ ಈ ಸುದ್ದಿ ಕೇಳಿ ಪಟ್ಟದಾನೆಯ ಮೇಲೆ ಬಂದು, ಆ ಮನೆಯ ಮುಂದೆ ಇಳಿದು ಬೈಲಪ್ಪನಿಗೆ ಕೈಮುಗಿದ. ತಾಯಿ, ಮಗ, ಸೊಸೆ ಮೂವರೂ ಬಹುಕಾಲ ಸುಖವಾಗಿ ಬಾಳಿದರು. ಅವರಿಗೆ ಮಕ್ಕಳಾದವೋ ಇಲ್ಲವೋ ಎಂದು ನಾನು ಸಣ್ಣತಾಯಮ್ಮನವರನ್ನು ಕೇಳಿದ್ದೆ. "ಅದು ದೇವರಿಗೆ ಬಿಟ್ಟದ್ದು, ಹಲ್ಲಿಗಲ್ಲ. ಕತೆಯಲ್ಲಿ ಇಲ್ಲದ್ದನ್ನ ನಾನು ಹೇಳೋದಿಲ್ಲ" ಅಂದರು.

ಓದಿದವರಲ್ಲಿ ನನ್ನದೊಂದು ಪ್ರಾರ್ಥನೆ. ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ನಾಲ್ಕು ಜನ ಕೂತಾಗ ಬಾಯಿಬಿಟ್ಟು ಹೇಳಿ. ಬೈಲಪ್ಪ ಆಡಿದ ಮಾತು ಬಂದಾಗ ನಾಲಿಗೆ ಹಿಂಜರಿಯುತ್ತದೆ, ನನಗೂ ಹಿಂಜರಿಯಿತು. ಅಲ್ಲಿ ಮಾತು ಬದಲಿಸಬೇಡಿ. ಅವನು ಹೇಗೆ ಅಂದನೋ ಹಾಗೇ ಅಂದು, ಕೇಳಿದವರಿಗೂ ಹಾಗೇ ಹೇಳಲು ತಿಳಿಸಿ.