ಕಾರೆಕೊಲ್ಲಿ ಶಾಲೆಯ ರುಚಿ ಪುಸ್ತಕ

2026ರ ಜನವರಿ 20, ಮಂಗಳವಾರ, ಮಧ್ಯಾಹ್ನ 2 ಗಂಟೆ 50 ನಿಮಿಷ. ಪಿಕಪ್ ತುಂಬ ಜನ ಠಾಣೆಯ ಮುಂದೆ ಬಂದಿಳಿದಾಗ ಸಬ್ ಇನ್ಸ್‌ಪೆಕ್ಟರ್ ರೇವಣ್ಣ ಹೋಟೆಲಿನಿಂದ ತರಿಸಿದ್ದ ಅನ್ನದ ಪೊಟ್ಟಣ ಬಿಚ್ಚುತ್ತಿದ್ದರು. ಹೆಂಡತಿ ತೀರಿಕೊಂಡು ಮೂರು ವರ್ಷ. ಅಂದಿನಿಂದ ಅವರ ಊಟವೆಲ್ಲ ಪೊಟ್ಟಣದಲ್ಲೇ. ಶನಿವಾರಸಂತೆ ಕಡೆಯ ಮನುಷ್ಯ, ದಕ್ಷಿಣ ಕೊಡಗಿಗೆ ವರ್ಗವಾಗಿ ಬಂದು ವರ್ಷವಾದರೂ ಕೆಲಸವಿಲ್ಲದೆ ಮಾತಾಡಿಸುವವರು ಯಾರೂ ಹುಟ್ಟಿಕೊಂಡಿರಲಿಲ್ಲ. ಪೊಟ್ಟಣವನ್ನು ಮೊದಲಿದ್ದ ಹಾಗೇ ಮಡಚಿಟ್ಟು ಎದ್ದರು.

ಬಂದವರ ಮುಂದಾಳು ಧರ್ಮೇಶ್. ಬಾಳೆಲೆಯಿಂದ ಆಚೆ, ಕೂಲಿಯವರು ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿರುವ ಕಾರೆಕೊಲ್ಲಿ ಪೈಸಾರಿಯ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ. ಅಂದು ಬಿಸಿಯೂಟಕ್ಕೆ ಕೂತ ನಲವತ್ತಮೂರು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳಿಗೆ ವಾಂತಿಯಾಗಿತ್ತು. ಹೆಚ್ಚಿನವು ಒಂದನೇ, ಎರಡನೇ ತರಗತಿಯ ಕೂಸುಗಳು. ಆರು ವರ್ಷದ ಭವ್ಯಶ್ರೀಗೆ ದಾರಿಯಲ್ಲೇ ಫಿಟ್ಸ್ ಬಂದು, ಗೋಣಿಕೊಪ್ಪಲಿನಿಂದ ಮಡಿಕೇರಿಗೆ ಕಳಿಸಿದ್ದರು. ಅಡುಗೆಯ ಚನ್ನಬಸಮ್ಮನನ್ನು ಈಗಿಂದೀಗಲೇ ಒಳಗೆ ಹಾಕಬೇಕೆಂದು ಧರ್ಮೇಶ್ ಪಟ್ಟು ಹಿಡಿದ.

ಶಾಲೆಯ ಊಟ ಹೇಗಿರುತ್ತದೆಂದು ರೇವಣ್ಣ ಕೇಳಿದ್ದೇ ತಡ, ಎಲ್ಲರ ಬಾಯಿಗೂ ಬಲ ಬಂತು. ಸಾಂಬಾರಿನಲ್ಲಿ ಬೇಳೆಯನ್ನು ಹುಡುಕಬೇಕು ಎಂದರೊಬ್ಬರು. ಅನ್ನ ಮುದ್ದೆ ಎಂದರು ಇನ್ನೊಬ್ಬರು, ಅಲ್ಲ, ಅಕ್ಕಿಯಕ್ಕಿ ಎಂದರು ಮತ್ತೊಬ್ಬರು. ಮೊಟ್ಟೆ ಚಿಕ್ಕದು ಎಂಬ ದೂರೂ ಬಂತು; ಅದಕ್ಕೆ ಕೋಳಿಯನ್ನೇ ಕರೆಸಬೇಕಿತ್ತು. ರೇವಣ್ಣ ಎಲ್ಲವನ್ನೂ ಬರೆದುಕೊಂಡರು.

"ಆ ಊಟ ಬಾಯಿಗೆ ಹಾಕಿ ನೋಡಿದವರು ಯಾರು? ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಪಿಕ್ಕಿಂಗ್ ಟೈಮ್ ಅಲ್ವಾ ಸಾರ್ ಎಂದು ಒಬ್ಬಾಕೆ ಮೆಲ್ಲಗೆ ಹೇಳಿದಳು. ಕಾಫಿ ಕುಯ್ಯುವ ಎರಡು ತಿಂಗಳು ಆ ಪೈಸಾರಿಯಲ್ಲಿ ಹಗಲು ಹೊತ್ತು ನಾಯಿಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ.

ಎಫ್‌ಐಆರ್ ಸಂಖ್ಯೆ 11/2026, ಭಾರತೀಯ ನ್ಯಾಯ ಸಂಹಿತೆ ಕಲಂ 123, ವಿಷ ಹಾಕಿ ಗಾಯಪಡಿಸಿದ್ದು. 4 ಗಂಟೆ 20 ನಿಮಿಷಕ್ಕೆ ರೇವಣ್ಣ, ಪೇದೆ ಪ್ರವೀಣ್, ಮಹಿಳಾ ಪೇದೆ ಉಷಾರಾಣಿ ಶಾಲೆ ತಲುಪಿದರು. ಇಬ್ಬರು ಪಂಚರ ಎದುರು ಅಡುಗೆಕೋಣೆಯ ಪಂಚನಾಮೆ ಶುರುವಾಯಿತು. ಸೊಪ್ಪಿನ ಸಾಂಬಾರು ಅರ್ಧ ಪಾತ್ರೆ ಉಳಿದಿತ್ತು. ಮೇಲೆ ಒಗ್ಗರಣೆಯ ಕರಿಬೇವು ತೇಲುತ್ತಿತ್ತು. ರೇವಣ್ಣ ಬಗ್ಗಿ ಮೂಸಿದರು. ಮೆಣಸಿನ ಬಳ್ಳಿಗೆ ಹೊಡೆಯುವ ಬೇವಿನೆಣ್ಣೆ. ರೈತನ ಮಗನಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಂಬಾರು, ಅನ್ನ, ಎಣ್ಣೆ, ಬೇಳೆ ಎಲ್ಲದರ ಮಾದರಿ ಬಾಟಲಿಗೆ ಹಾಕಿ, ಅರಗು ಮುದ್ರೆ ಒತ್ತಿ ಮೈಸೂರಿನ ಪ್ರಯೋಗಾಲಯಕ್ಕೆಂದು ಕಟ್ಟಿಟ್ಟರು. ಬೇವಿನೆಣ್ಣೆಯ ಬಾಟಲಿ ಮಾತ್ರ ಎಲ್ಲೂ ಸಿಗಲಿಲ್ಲ.

ಚನ್ನಬಸಮ್ಮ ಒಲೆಯ ಪಕ್ಕ ಗೋಡೆಗೊರಗಿ ಕೂತಿದ್ದಳು. ಹದಿನೇಳು ವರ್ಷದಿಂದ ಅಡುಗೆ ಮಾಡುತ್ತಿದ್ದವಳ ಮುಖಕ್ಕೆ ಅಂದು ಮಧ್ಯಾಹ್ನ ಯಾರೋ ಉಗಿದಿದ್ದರು. ಅವಳ ಮಾತಿನ ಧಾಟಿ ಕೇಳಿ ಇವಳು ತಮ್ಮ ಊರ ಕಡೆಯವಳೇ ಎಂದು ರೇವಣ್ಣನಿಗೆ ಗೊತ್ತಾಯಿತು, ಆದರೆ ಅದನ್ನು ಹೇಳುವ ಹೊತ್ತಲ್ಲ ಅದು.

"ನೀನು ರುಚಿ ನೋಡ್ಲಿಲ್ವ?"

"ಮಕ್ಕಳಿಗೆ ಬಡಿಸೋಕೆ ಮುಂಚೆ ನಾನು ಎಂಜಲು ಮಾಡಲ್ಲ ಸಾರ್. ನೆಗಡಿ ಬೇರೆ, ಮೂಗು ಕಟ್ಟಿತ್ತು. ರುಚಿ ನೋಡೋದು ಮೇಷ್ಟ್ರ ಕೆಲಸ."

"ಒಲೆ ಬಿಟ್ಟು ಎದ್ದು ಹೋಗಿದ್ದೆಯಾ?"

"ಹನ್ನೊಂದೂವರೆಗೆ ತಟ್ಟೆ ತೊಳೆಯಕ್ಕೆ ನಲ್ಲಿ ಹತ್ರ ಹೋಗಿದ್ದೆ."

"ಆವಾಗ ಯಾರಾದ್ರೂ ಬಂದಿದ್ರಾ?"

"ಯಾರೂ ಬಂದಿಲ್ಲ ಸಾರ್."

ಹಾಗೆಂದರೆ ಅವಳ ಕುತ್ತಿಗೆಗೆ ಅವಳೇ ಹಗ್ಗ ಹಾಕಿಕೊಂಡ ಹಾಗೆ. ಹೊರಗೆ ಧರ್ಮೇಶನ ಕಡೆಯವರು ಗೇಟು ಹಿಡಿದು ನಿಂತಿದ್ದರು.

ಮುಖ್ಯಶಿಕ್ಷಕ ಜಯಪ್ಪ ರುಚಿ ಪುಸ್ತಕ ತಂದುಕೊಟ್ಟರು. ಬಡಿಸುವ ಅರ್ಧ ಗಂಟೆ ಮೊದಲು ಒಬ್ಬ ಶಿಕ್ಷಕರು, ಸರದಿಯ ಪ್ರಕಾರ ಒಬ್ಬ ತಾಯಿ, ಊಟ ರುಚಿ ನೋಡಿ ಅದರಲ್ಲಿ ಅಭಿಪ್ರಾಯ ಬರೆದು ಸಹಿ ಹಾಕಬೇಕೆಂಬುದು ನಿಯಮ. ಅಂದಿನ ದಿನಾಂಕದೆದುರು 'ರುಚಿ, ಶುಚಿ ಚೆನ್ನಾಗಿದೆ' ಎಂದು ಬರೆದು ಜಯಪ್ಪನವರ ಸಹಿ ಇತ್ತು. ರೇವಣ್ಣ ಹಾಳೆ ತಿರುವಿದರು. ಇನ್ನೂ ಬಾರದ ಬುಧವಾರ, ಗುರುವಾರ, ಶುಕ್ರವಾರಕ್ಕೂ ಸಹಿ ಇತ್ತು.

"ಶುಕ್ರವಾರದ ಸಾಂಬಾರು ಹೇಗಿತ್ತು ಮೇಷ್ಟ್ರೇ?"

ಜಯಪ್ಪ ಬೆವರು ಒರೆಸಿಕೊಂಡರು. ಐದು ತರಗತಿಗೆ ತಾವೊಬ್ಬರೇ, ಇಡೀ ದಿನ ಮೊಬೈಲಿನಲ್ಲಿ ಹಾಜರಿ, ಮೊಟ್ಟೆ, ಹಾಲಿನ ಲೆಕ್ಕ ಏರಿಸುವುದೇ ಆಗುತ್ತದೆ, ಸೋಮವಾರವೇ ವಾರದ ಸಹಿ ಮುಗಿಸಿಬಿಡುತ್ತೇನೆ ಎಂದು ಒಪ್ಪಿಕೊಂಡರು. ಕಹಿ ಎಂದು ದೊಡ್ಡ ಮಕ್ಕಳು ತಟ್ಟೆ ದೂಡಿದ್ದವಂತೆ. ಸೊಪ್ಪಿನ ಸಾರು ಕಹಿಯೇ, ಸುಮ್ಮನೆ ತಿನ್ನಿ ಎಂದು ಇವರು ಗದರಿಸಿದ್ದರಂತೆ. ಹೇಳಿದ ಮಾತು ಕೇಳುವ ವಯಸ್ಸಿನವು ತಿಂದವು. ರೇವಣ್ಣನಿಗೆ ಕೈ ಎತ್ತಬೇಕೆನ್ನುವಷ್ಟು ಸಿಟ್ಟು ಬಂತು. ಪುಸ್ತಕವನ್ನು ಜಪ್ತಿ ಮಾಡಿ ಹೊರಗೆ ಬಂದರು.

ಆ ಸಂಜೆ ಠಾಣೆಯಲ್ಲಿ ಕೂತು ಪುಸ್ತಕವನ್ನು ಜೂನ್ ತಿಂಗಳಿನಿಂದ ಓದಿದರು. ತಾಯಂದಿರ ಕಾಲಂನಲ್ಲಿ ದಿನಕ್ಕೊಂದು ಹೆಸರು, ಆದರೆ ಅಕ್ಷರ ಒಬ್ಬಳದೇ. ಉರುಟು, ನಿಧಾನದ ಅಕ್ಷರ. 'ಅನ್ನ ಹದ. ಸಾರಿಗೆ ಉಪ್ಪು ಒಂದು ಚಿಟಿಕೆ ಕಮ್ಮಿ, ಹಾಕಿಸಿದೆ.' 'ಪ್ರಜ್ವಲನಿಗೆ ಹಲ್ಲು ಬಿದ್ದಿದೆ, ಕಿವುಚಿ ಕೊಡಬೇಕು.' 'ಕರಿಬೇವು ಇರಲಿಲ್ಲ, ನಮ್ಮ ಹಿತ್ತಲಿಂದ ತಂದೆ.' 'ಭವ್ಯ ಎರಡು ಸಲ ಹಾಕಿಸಿಕೊಂಡಳು.' ಊಟದ ಬಗ್ಗೆ ಇಷ್ಟು ಮನಸ್ಸಿಟ್ಟು ಬರೆದದ್ದನ್ನು ರೇವಣ್ಣ ಬಹಳ ದಿನದಿಂದ ಓದಿರಲಿಲ್ಲ. ಡಿಸೆಂಬರ್ ಕೊನೆಗೆ ಆ ಅಕ್ಷರ ನಿಂತುಹೋಗಿತ್ತು. ಜನವರಿಯಲ್ಲಿ ತಾಯಂದಿರ ಕಾಲಂ ಪೂರ್ತಿ ಖಾಲಿ.

ಬುಧವಾರ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಅವರು ಮಡಿಕೇರಿ ಆಸ್ಪತ್ರೆಯಲ್ಲಿದ್ದರು. ಭವ್ಯಶ್ರೀ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬೇವಿನೆಣ್ಣೆ ದೊಡ್ಡವರಿಗೆ ಬರೀ ಕಹಿ, ಎಳೆಯ ಮಕ್ಕಳಿಗೆ ಅದು ವಿಷ ಎಂದರು ಡಾಕ್ಟರು. ಹೊರಗೆ ಬೆಂಚಿನ ತುದಿಯಲ್ಲಿ ತಾಯಿ ಸೋಮಿ ಕೂತಿದ್ದಳು. ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಕೂಲಿಯವಳು, ಪಿಕ್ಕಿಂಗ್ ಬಟ್ಟೆಯಲ್ಲೇ ಬಂದಿದ್ದಳು. ರೇವಣ್ಣ ಪುಸ್ತಕ ತೆರೆದು ಅವಳ ಹೆಸರಿದ್ದ ಪುಟ ತೋರಿಸಿದರು.

"ಇದು ನೀನು ಬರೆದದ್ದಾ?"

"ನಂಗೆ ಓದಕ್ಕೇ ಬರಲ್ಲ ಸಾರ್. ವನಜಕ್ಕ ಬರ್ದಿದ್ದು. ನನ್ ಸರದಿ ದಿನಾನೂ ಅವ್ರೇ ಹೋಗದು. ನಂದು ಅಂತಲ್ಲ, ಎಲ್ಲಾರ್ದೂ."

ಕೇಳುತ್ತಾ ಹೋದಂತೆ ಕತೆ ಬಿಚ್ಚಿಕೊಂಡಿತು. ವನಜಮ್ಮ ಪಿರಿಯಾಪಟ್ಟಣ ಕಡೆಯಿಂದ ಮದುವೆಯಾಗಿ ಬಂದವಳು. ಮಕ್ಕಳಾಗಲಿಲ್ಲ. ಗಂಡ ತೋಟದಲ್ಲಿ ಮರಗಸಿಗೆಂದು ನೆರಳಿನ ಕೊಂಬೆ ಕಡಿಯುವಾಗ ಸಿಲ್ವರ್ ಮರದಿಂದ ಬಿದ್ದು ಸತ್ತ. ಆಮೇಲೆ ಅವಳದೂ ಕೈ ಮುರಿದು ಸರಿಯಾಗಿ ಕೂಡದೆ ಪಿಕ್ಕಿಂಗ್ ಕೆಲಸವೂ ತಪ್ಪಿತು. ರುಚಿ ನೋಡಲು ಹೋದರೆ ಅರ್ಧ ದಿನದ ಕೂಲಿ ಹೋಗುತ್ತದಲ್ಲ, ಹೇಗೂ ಮನೆಯಲ್ಲೇ ಇರುತ್ತೀರಿ ಎಂದು ತಾಯಂದಿರೆಲ್ಲ ತಮ್ಮ ಸರದಿಯನ್ನು ಅವಳಿಗೆ ವಹಿಸಿದರು. ನಾಲ್ಕು ವರ್ಷ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಡಿಸೆಂಬರಿನ ಸಭೆಯಲ್ಲಿ, ಶಾಲೆಯಲ್ಲಿ ಓದುವ ಮಕ್ಕಳ ತಾಯಿಯೇ ರುಚಿ ನೋಡಬೇಕು, ಹೊರಗಿನವರು ಬೇಡ ಎಂದು ಜಯಪ್ಪ ಮೇಲಿನವರ ಆದೇಶ ಓದಿದರಂತೆ. ಪೋಷಕರ ಅಭಿಪ್ರಾಯ ಏನು ಎಂದೂ ಕೇಳಿದರಂತೆ.

"ನೀವೆಲ್ಲ ಏನು ಹೇಳಿದ್ರಿ?"

"ಧರ್ಮೇಶಣ್ಣ ಪುಕ್ಸಟ್ಟೆ ಊಟಕ್ಕೆ ಬರ್ತಾರೆ ಅಂದ್ರು. ವನಜಕ್ಕ ಅಲ್ಲೇ ಬಾಗ್ಲಲ್ಲಿ ನಿಂತಿದ್ರು." ಸೋಮಿ ಸೆರಗಿನ ತುದಿ ತಿರುಚಿದಳು. "ನಾವ್ಯಾರೂ ಏನೂ ಹೇಳ್ಲಿಲ್ಲ ಸಾರ್."

ವಾಪಸು ಬರುವಾಗ, ಪೊನ್ನಂಪೇಟೆ ದಾಟಿದ ಮೇಲೆ, ರೇವಣ್ಣನಿಗೆ ಪಾತ್ರೆಯಲ್ಲಿ ತೇಲುತ್ತಿದ್ದ ಕರಿಬೇವು ನೆನಪಾಯಿತು. ಪಂಚನಾಮೆಯ ಪಟ್ಟಿ ತೆಗೆಸಿ ನೋಡಿದರು. ಅಡುಗೆಕೋಣೆಯ ದಾಸ್ತಾನಿನಲ್ಲಿ ಕರಿಬೇವು ಇರಲಿಲ್ಲ, ಶಾಲೆಯ ಅಂಗಳದಲ್ಲಿ ಗಿಡವೂ ಇರಲಿಲ್ಲ.

5 ಗಂಟೆ 10 ನಿಮಿಷಕ್ಕೆ ಚನ್ನಬಸಮ್ಮನ ಮನೆಬಾಗಿಲಲ್ಲಿ ನಿಂತು ಅದೊಂದೇ ಪ್ರಶ್ನೆ ಕೇಳಿದರು.

"ನಿನ್ನೆ ಸಾಂಬಾರಿಗೆ ಕರಿಬೇವು ಎಲ್ಲಿಂದ ಬಂತು?"

"ವನಜಮ್ಮ ತಂದಿಟ್ಟಿದ್ಲು. ನಾನು ತಟ್ಟೆ ತೊಳೆದು ಬರೋಷ್ಟರಲ್ಲಿ ಕಟ್ಟೆ ಮೇಲಿತ್ತು, ಅವಳು ಗೇಟು ದಾಟ್ತಿದ್ಲು."

"ಯಾರೂ ಬಂದಿಲ್ಲ ಅಂದ್ಯಲ್ಲಮ್ಮ."

"ಅವಳು ಬರೋದನ್ನ ಯಾರೋ ಬಂದ್ರು ಅಂತಾರಾ ಸಾರ್? ದಿನಾ ಬರೋಳು." ಇಷ್ಟು ಹೇಳಿ ಚನ್ನಬಸಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಧಾನಕ್ಕೆ ಕೆಳಗೆ ಕೂತಳು.

ಹೇಳಿಕೆ ಬರೆದು ಮುಗಿಸುವಾಗ ಸೂರ್ಯ ಮುಳುಗಿದ್ದ. ಕತ್ತಲಾದ ಮೇಲೆ ಹೆಂಗಸನ್ನು ದಸ್ತಗಿರಿ ಮಾಡುವಂತಿಲ್ಲ. ಪ್ರವೀಣನಿಗೆ ವನಜಮ್ಮನ ಮನೆಯ ದಾರಿಯ ಮೇಲೊಂದು ಕಣ್ಣಿಡಲು ಹೇಳಿ ರೇವಣ್ಣ ಕ್ವಾರ್ಟರ್ಸಿಗೆ ಹೋದರು.

ಗುರುವಾರ ಬೆಳಿಗ್ಗೆ 7 ಗಂಟೆ 35 ನಿಮಿಷ. ವನಜಮ್ಮ ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡಕ್ಕೆ ನೀರು ಹಾಕುತ್ತಿದ್ದಳು. ಐವತ್ತರ ಆಸುಪಾಸು, ಎಡಗೈ ಸೊಟ್ಟ. ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ, ಓಡಲಿಲ್ಲ. ಚೊಂಬು ಕೆಳಗಿಟ್ಟು ನೇರ ರೇವಣ್ಣನ ಮುಂದೆ ಬಂದಳು.

"ಭವ್ಯ ಹೆಂಗವ್ಳೆ ಸಾ?"

"ಬೆಳಗಿನ ಜಾವ ಕಣ್ಣು ಬಿಟ್ಟಿದ್ದಾಳೆ. ನೀರು ಕೇಳಿದಳಂತೆ. ಇನ್ನು ಭಯ ಇಲ್ಲ ಅಂದಿದ್ದಾರೆ."

ಅವಳು ಅಲ್ಲೇ ಮಣ್ಣಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡು ಅತ್ತಳು. ಉಷಾರಾಣಿ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟಳು. ಮನೆಯ ಕಿಟಕಿಯಲ್ಲಿ ಬೇವಿನೆಣ್ಣೆಯ ಬಾಟಲಿ ಎದುರಿಗೇ ಇತ್ತು, ಬಚ್ಚಿಡುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಕಾಲು ಭಾಗ ಖಾಲಿ. ಪಂಚರ ಸಹಿ ಆಯಿತು.

ಕೇಳುವ ಮೊದಲೇ ಅವಳು ಎಲ್ಲ ಹೇಳಿದಳು. ಮೂರು ವಾರದಿಂದ ರುಚಿ ನೋಡುವ ಕೆಲಸ ಇಲ್ಲವಂತೆ. ಹನ್ನೆರಡಕ್ಕೆ ಬೆಲ್ ಕೇಳಿಸಿದರೆ ಕಾಲು ತಾನಾಗಿ ಏಳುತ್ತಿತ್ತು. ಒಬ್ಬಳಿಗೇ ಅಂತ ಒಲೆ ಹಚ್ಚಲು ಮನಸ್ಸಾಗುತ್ತಿರಲಿಲ್ಲ. ಕರಿಬೇವಿನ ನೆಪದಲ್ಲಿ ಅಡುಗೆಕೋಣೆಯವರೆಗೆ ಹೋಗಿ ಬರುವಳು, ಆದರೆ ಒಳಗೆ ಬಾ, ಒಂದು ತುತ್ತು ಉಣ್ಣು ಎಂದು ಚನ್ನಬಸಮ್ಮನೂ ಕರೆಯಲಿಲ್ಲ, ಮೇಷ್ಟ್ರ ಭಯ.

"ಮಕ್ಕಳು ತಿನ್ಲಿ ಅಂತ ಹಾಕ್ಲಿಲ್ಲ ಸಾ. ಹನ್ನೆರಡಕ್ಕೆ ಮೇಷ್ಟ್ರು ಬಾಯಿಗೆ ಹಾಕ್ತಾರೆ, ಥೂ ಅಂತ ಉಗೀತಾರೆ, ಚೆಲ್ಲುಸ್ತಾರೆ ಅಂದ್ಕೊಂಡೆ. ಇನ್ನೊಂದಪ ಅಡುಗೆ ಮಾಡ್ಬೇಕಾಯ್ತದೆ, ನನ್ನನ್ನ ಕರೀತಾರೆ. ರುಚಿ ನೋಡೋರು ಒಬ್ರು ಇರ್ಬೇಕು ಅಂತ ಅವಾಗಾದ್ರೂ ಗೊತ್ತಾಯ್ತದೆ ಅಂತ."

"ಮೇಷ್ಟ್ರು ರುಚಿ ನೋಡಲೇ ಇಲ್ಲ."

"ನೋಡ್ದೆ ಹೆಂಗೆ ಸಹಿ ಹಾಕ್ತಾರೆ ಸಾ?"

ಅವಳು ನಿಜವಾಗಿಯೂ ಕೇಳುತ್ತಿದ್ದಳು. ನಾಲ್ಕು ವರ್ಷದಲ್ಲಿ ಒಂದು ದಿನವೂ ಬಾಯಿಗೆ ಹಾಕದೆ ಬರೆದವಳಲ್ಲ. ಅವಳೇ ಮುಂದುವರಿಸಿದಳು. "ಭವ್ಯಂಗೆ ತಟ್ಟೇಲಿ ಒಂದಗುಳೂ ಬಿಡಬ್ಯಾಡ ಅಂತ ನಾನೇ ಕಲ್ಸಿದ್ದು."

8 ಗಂಟೆ 20 ನಿಮಿಷಕ್ಕೆ ದಸ್ತಗಿರಿ. ಜಯಪ್ಪನ ಮೇಲೆ ಇಲಾಖೆಗೆ ವರದಿ ಬರೆದದ್ದಾಯಿತು. ಠಾಣೆಯಲ್ಲಿ ಉಷಾರಾಣಿ ದಸ್ತಗಿರಿ ನಮೂನೆ ತುಂಬುತ್ತಾ ಒಂದು ಕಾಲಂ ಹತ್ತಿರ ಪೆನ್ನು ನಿಲ್ಲಿಸಿದಳು. ಬಂಧನದ ಸುದ್ದಿಯನ್ನು ಆರೋಪಿ ಹೇಳಿದ ಬಂಧುವಿಗೋ ಸ್ನೇಹಿತರಿಗೋ ತಿಳಿಸಬೇಕು, ಅವರ ಹೆಸರು ಬರೆಯಬೇಕು.

"ಯಾರಿಗೆ ಹೇಳಲಿ ವನಜಮ್ಮ?" ಎಂದು ರೇವಣ್ಣ ಕೇಳಿದರು.

"ಯಾರೂ ಇಲ್ಲ ಸಾ."

"ಒಂದು ಹೆಸರು ಬೇಕೇ ಬೇಕು."

ಅವಳು ಬೆರಳು ಮಡಿಸುತ್ತಾ ಹೆಸರು ಹೇಳತೊಡಗಿದಳು. ಪ್ರಜ್ವಲ, ಭವ್ಯ, ಎರಡನೇ ಕ್ಲಾಸಿನ ಅವಳಿ ಹುಡುಗಿಯರು, ಮೊಸರು ಇಲ್ಲದೆ ಉಣ್ಣದ ರಕ್ಷಿತ್. ಉಷಾರಾಣಿ ಬರೆಯದೆ ಪೆನ್ನು ಹಿಡಿದೇ ಕೂತಿದ್ದಳು.

"ದೊಡ್ಡವರ ಹೆಸರು ಬೇಕಮ್ಮ," ಎಂದರು ರೇವಣ್ಣ. ಅದಕ್ಕೆ ಅವಳು ತಲೆ ತಗ್ಗಿಸಿದಳು. ಕೊನೆಗೆ ಚನ್ನಬಸಮ್ಮ ಎಂದಳು.

ರೇವಣ್ಣ ತಾವೇ ಫೋನು ಮಾಡಿದರು. ಚನ್ನಬಸಮ್ಮ ವಿಷಯವನ್ನು ಪೂರ್ತಿ ಕೇಳಿಸಿಕೊಂಡಳು.

"ಎರಡು ದಿನ ನಾನು ಬೀದೀಲಿ ತಲೆ ಎತ್ತಿ ನಡೀಲಿಲ್ಲ ಸಾರ್. ಅವಳ ಹೆಸರಿನ ಪಕ್ಕ ನನ್ನ ಹೆಸರು ಬರೀಬೇಡಿ."

ಫೋನು ಕಟ್ಟಾಯಿತು. ವನಜಮ್ಮ ಬೆಂಚಿನ ಮೇಲಿನಿಂದ ಅವರ ಮುಖವನ್ನೇ ನೋಡುತ್ತಿದ್ದಳು. ಬರುತ್ತಾಳಾ ಎಂದು ಕೇಳಲಿಲ್ಲ, ಆದರೆ ಕೇಳಿದ ಹಾಗೇ ಇತ್ತು. ರೇವಣ್ಣ ನಮೂನೆಯನ್ನು ತಮ್ಮ ಕಡೆ ಎಳೆದುಕೊಂಡು ಚನ್ನಬಸಮ್ಮನ ಹೆಸರು ಬರೆದರು. ಅದರ ಮುಂದೆ 9 ಗಂಟೆ 15 ನಿಮಿಷಕ್ಕೆ ತಿಳಿಸಲಾಯಿತು ಎಂದು ಬರೆದು ಸಹಿ ಹಾಕಿದರು. ಬರೆದದ್ದರಲ್ಲಿ ಸುಳ್ಳಿರಲಿಲ್ಲ. ತಿಳಿಸಬೇಕು ಅಂತಷ್ಟೇ ಕಾನೂನು ಹೇಳುತ್ತದೆ, ಯಾರಾದರೂ ಬರಬೇಕು ಅಂತ ಅದು ಎಲ್ಲೂ ಹೇಳಿಲ್ಲ.